ಕಾರವಾರದಲ್ಲಿ ತಿಂಗಳಿಗೊಂದು ರ‍್ಯಾಪ್ ಓಪನ್ ಮೈಕ್: ಸೌಂಡು, ಸ್ಲಾಟು, ಪರ್ಮಿಶನ್ ಹೇಗೆ?

ಬೈತಖೋಲ್ ಬೀಟ್ಸ್

ಎಲ್ಲರಿಗೂ ನಮಸ್ಕಾರ. ಕಾರವಾರ, ಅಂಕೋಲಾ ಕಡೆ ರ‍್ಯಾಪ್ ಬರೆಯೋ ಹುಡುಗ ಹುಡುಗಿಯರು ಹದಿನೈದಿಪ್ಪತ್ತು ಜನ ಇದ್ದೇವೆ. ಕನ್ನಡ, ಕೊಂಕಣಿ, ದಖನಿ, ಎರಡು ಮೂರು ಕಲಸಿ ಬರೆಯೋರು, ಎಲ್ಲ ಥರದವರೂ ಉಂಟು. ಸದ್ಯಕ್ಕೆ ಮೊಬೈಲಲ್ಲಿ ರೆಕಾರ್ಡ್ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕೋದು ಬಿಟ್ಟರೆ ಜನರ ಎದುರು ಮೈಕ್ ಹಿಡಿದವರು ಕಡಿಮೆ. ತಿಂಗಳಿಗೊಂದು ಸಂಜೆ ಓಪನ್ ಮೈಕ್ (ಹೆಸರು ಕೊಟ್ಟ ಯಾರಾದರೂ ಹಾಡಬಹುದಾದ ಕಾರ್ಯಕ್ರಮ) ನಡೆಸೋಣ ಅಂತ ಯೋಚನೆ.

ಟಿಕೆಟ್ ಇಲ್ಲ. ಎಲ್ಲರೂ ಸೇರಿ ತಿಂಗಳಿಗೆ ₹6,000 ಹಾಕಬಹುದು. ಒಂದು ಹಂಚಿನ ಮಾಡಿನ ಹಾಲ್ ಸಿಗ್ತದೆ, ಸುಮಾರು 30 ಅಡಿ ಉದ್ದ, 20 ಅಡಿ ಅಗಲ, 50 ಜನ ಕೂರಬಹುದು. ಕೆಲವರು ಹಾಲ್ ಬೇಡ, ಟಾಗೋರ್ ಕಡಲತೀರದಲ್ಲೇ ಮಾಡೋಣ, ಹೋಗಿ ಬರೋ ಜನರೂ ನೋಡ್ತಾರೆ ಅಂತಾರೆ. ಜೂನ್‌ನಲ್ಲಿ ಶುರು ಮಾಡಿದರೆ ಬೋಟಿಗೆ ಹೋಗೋ ಹುಡುಗರೂ ಬರಬಹುದು, ಜುಲೈ ಕೊನೆವರೆಗೆ ಮೀನುಗಾರಿಕೆ ನಿಷೇಧ ಇರ್ತದಲ್ಲ.

ಕೇಳಬೇಕಾದ್ದು: ಬಾಡಿಗೆಗೆ ಎಂತೆಂತ ತರಿಸಬೇಕು? ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡಬೇಕು? ಬ್ಯಾಟಲ್ (ಇಬ್ಬರು ಎದುರುಬದುರು ನಿಂತು ಮಾಡೋ ರ‍್ಯಾಪ್ ಸ್ಪರ್ಧೆ) ಇಡಬೇಕಾ? ಪೊಲೀಸ್ ಪರ್ಮಿಶನ್ ಬೇಕಾ? ಮಾಡಿ ಗೊತ್ತಿದ್ದವರು ಬಿಡಿಸಿ ಹೇಳಿ.

---

ಸೌಂಡ್‌ಚೆಕ್ ಕುಮಟಾ

ಸೌಂಡಿನದ್ದು ಮಾತ್ರ ಹೇಳ್ತೇನೆ, ಉಳಿದದ್ದು ಬೇರೆಯವರು ಹೇಳಲಿ.

ನಮ್ಮ ಕಡೆ ಮೈಕ್‌ನವರ ಕೈ ಪಳಗಿರೋದು ಯಕ್ಷಗಾನ, ಭಜನೆ, ಆರ್ಕೆಸ್ಟ್ರಾಕ್ಕೆ. ಮಿಕ್ಸರ್ ಆನ್ ಮಾಡಿದ ಕೂಡಲೇ ಕೈ ಹೋಗೋದು ಎಕೋ ಬಟನ್ನಿಗೆ. ಭಾಗವತರ ಏರುಪದಕ್ಕೆ ಅದು ಚಂದವೇ, ಆದರೆ ರ‍್ಯಾಪ್ ಹಾಳಾಗೋದು ಅಲ್ಲೇ. ಲೆಕ್ಕ ನೋಡಿ: 90 ಬಿಪಿಎಂ (ನಿಮಿಷಕ್ಕೆ 90 ಎಣಿಕೆ) ಬೀಟಿನಲ್ಲಿ, ಅಂದರೆ ಹಿನ್ನೆಲೆ ಸಂಗೀತದಲ್ಲಿ, ಒಂದು ಎಣಿಕೆ 667 ಮಿಲಿಸೆಕೆಂಡ್, ಅದರ ಕಾಲುಭಾಗ 167. ಸಾಮಾನ್ಯ ವೇಗದ ರ‍್ಯಾಪಿನಲ್ಲಿ ಒಂದೊಂದು ಅಕ್ಷರ ಕೂರೋದು ಆ ಕಾಲುಭಾಗದಲ್ಲಿ. ಎಕೋ 300 ಮಿಲಿಸೆಕೆಂಡಿಗೆ ಇಟ್ಟರೆ ಮೊದಲ ಅಕ್ಷರ ತಿರುಗಿ ಬರುವಾಗ ಹಾಡುವವನು ಎರಡನೇದು ಮುಗಿಸಿ ಮೂರನೇ ಅಕ್ಷರಕ್ಕೆ ಹೋಗ್ತಿರ್ತಾನೆ. ಎದುರು ಕೂತವರಿಗೆ ಒಂದು ಶಬ್ದವೂ ಬಿಡಿಸಿ ಕೇಳೋದಿಲ್ಲ, ಹುಡುಗನಿಗೆ ಬರೋದಿಲ್ಲ ಅಂತ ಹೆಸರು ಬರ್ತದೆ. ಬುಕ್ ಮಾಡುವಾಗಲೇ ಹೇಳಿ: ಮಾತಿನ ಚಾನೆಲ್‌ಗೆ ಎಕೋ, ರಿವರ್ಬ್ ಎರಡೂ ಸೊನ್ನೆ. ಕಾರ್ಯಕ್ರಮದ ಮಧ್ಯೆ ಮತ್ತೊಮ್ಮೆ ಹೋಗಿ ನೋಡಿ, ಅಭ್ಯಾಸಬಲದಿಂದ ಏರಿಸಿರ್ತಾರೆ.

ನಿಮ್ಮ ಹಾಲ್‌ಗೆ ಬೇಕಾದ್ದು ಇಷ್ಟೇ: 12 ಇಂಚಿನ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರೋ) ಸ್ಪೀಕರ್ ಎರಡು, ಸ್ಟ್ಯಾಂಡ್ ಸಮೇತ. ನೆಲಕ್ಕಿಡೋ ಮಾನಿಟರ್ (ಹಾಡುವವರಿಗೇ ಕೇಳೋಕೆ ಇಡೋ ಸ್ಪೀಕರ್) ಒಂದು. 8 ಚಾನೆಲ್ ಮಿಕ್ಸರ್. ಶೂರ್ ಎಸ್ಎಂ58 ಥರದ ಡೈನಾಮಿಕ್ ಮೈಕ್ ಮೂರು, ವೈರ್ ಇರೋದೇ. ಕಾರ್ಡ್‌ಲೆಸ್ ಕೊಡ್ತೇವೆ ಅಂತಾರೆ, ಬೇಡ ಅನ್ನಿ. ಅಗ್ಗದ ಕಾರ್ಡ್‌ಲೆಸ್‌ನಲ್ಲಿ ಬ್ಯಾಟರಿ ಇಳಿದ ಹಾಗೆ ಮಾತಿನ ತುದಿ ಕತ್ತರಿಸ್ತದೆ, ಹಾಡುವವರು ತಮ್ಮ ಉಸಿರೇ ಸಾಲಲಿಲ್ಲ ಅಂದುಕೊಳ್ತಾರೆ. ಸಬ್‌ವೂಫರ್ ಕೂಡ ಬೇಡ. 600 ಚದರ ಅಡಿಯ ಹಾಲಿನಲ್ಲಿ ಸಬ್ ಇಟ್ಟರೆ ಬೇಸ್ ಮೂಲೆಯಲ್ಲಿ ಗುಂಯ್ ಅಂತ ನಿಂತು ಮಾತನ್ನು ನುಂಗ್ತದೆ. ಹೊರಗೆ ಹೋಗಿ ನೆರೆಯವರ ಕಿಟಕಿ ನಡುಗಿಸೋದೂ ಅದೇ.

ಸ್ಪೀಕರ್ ಎರಡನ್ನೂ ಮೈಕ್‌ಗಿಂತ ಕನಿಷ್ಠ 4 ಅಡಿ ಮುಂದೆ, ಕೂತವರ ತಲೆಗಿಂತ ಮೇಲೆ, ಅಂದರೆ ಪೆಟ್ಟಿಗೆಯ ತಳ ಐದೂವರೆ ಆರು ಅಡಿ ಎತ್ತರದಲ್ಲಿ ನಿಲ್ಲಿಸಿ. ಮಾನಿಟರ್ ಹಾಡುವವರ ಮುಂದೆ ನೆಲದಲ್ಲಿ, ಮೈಕಿನ ಬಾಲದ ದಿಕ್ಕಿಗೆ. ಎಸ್ಎಂ58 ಕಾರ್ಡಿಯಾಯ್ಡ್ ಮೈಕ್, ಹಿಂದಿನಿಂದ ಬಂದದ್ದನ್ನು ಅತಿ ಕಡಿಮೆ ಹಿಡೀತದೆ. ಸೂಪರ್‌ಕಾರ್ಡಿಯಾಯ್ಡ್ ಮೈಕ್ ಕೊಟ್ಟರೆ ಲೆಕ್ಕ ಬೇರೆ, ಅದಕ್ಕೆ ನೇರ ಹಿಂದೆ ಸ್ವಲ್ಪ ಕಿವಿ ಇರ್ತದೆ. ಮಾನಿಟರನ್ನು ಸ್ವಲ್ಪ ಓರೆಗೆ ಸರಿಸಬೇಕು. ಮಾನಿಟರಿಗೆ ಬೀಟ್ ಜಾಸ್ತಿ, ದನಿ ಕಡಿಮೆ. ಹಾಡುವವರಿಗೆ 2 ಮತ್ತು 4ನೇ ಎಣಿಕೆಯ ಸ್ನೇರ್ ಡ್ರಮ್ಮಿನ ಏಟು ಸ್ಪಷ್ಟ ಕೇಳಿದರೆ ಸಾಕು, ತಾಳ ತಪ್ಪೋದಿಲ್ಲ.

ಇನ್ನು ಮೈಕ್ ಹಿಡಿಯೋ ವಿಷಯ. ವಿಡಿಯೋದಲ್ಲಿ ನೋಡಿ ಎಲ್ಲರೂ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡೀತಾರೆ. ಜಾಲರಿಯ ಹಿಂಭಾಗದಿಂದ ಗಾಳಿ ಹೋಗೋ ದಾರಿ ಇದ್ದರೆ ಮಾತ್ರ ಆ ಮೈಕ್ ಒಂದೇ ದಿಕ್ಕಿನ ದನಿ ಹಿಡಿಯೋದು. ಅದನ್ನು ಮುಚ್ಚಿದರೆ ಸುತ್ತಲಿನದ್ದೆಲ್ಲ ಒಳಗೆ ಬಂದು ಮಾನಿಟರ್ ಕುಂಯ್ ಅಂತದೆ, ದನಿ ಡಬ್ಬದೊಳಗಿಂದ ಬಂದ ಹಾಗೆ ಆಗ್ತದೆ. ಹಿಡಿ ಹಿಡಿದು, ತುಟಿಯಿಂದ ಎರಡು ಬೆರಳು ದೂರ, ಬಾಯಿಗೆ ನೇರ. ಜೋರಾಗಿ ಕಿರುಚೋ ಜಾಗದಲ್ಲಿ ನಾಲ್ಕು ಬೆರಳು. ಸ್ಟೇಜ್ ಹತ್ತಿರ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಬೀಟ್‌ಬಾಕ್ಸ್ ಮಾಡುವವರು ಮುಚ್ಚಿಯೇ ಹಿಡೀಬೇಕಾಗ್ತದೆ, ಅವರಿಗೆ ಬೇರೆ ಚಾನೆಲ್ ಕೊಟ್ಟು ಗೇನ್ (ಮೈಕಿಂದ ಮಿಕ್ಸರಿಗೆ ಬರೋ ದನಿಯ ಮಟ್ಟ) ಇಳಿಸಿ, ಮಾನಿಟರಿಗೆ ಆ ಚಾನೆಲ್ ಕಳಿಸಬೇಡಿ.

ಮಿಕ್ಸರಿನಲ್ಲಿ: ಹೋಸ್ಟ್ ಒಬ್ಬರನ್ನು ಹಾಡೋ ಅಷ್ಟೇ ಜೋರಾಗಿ ಮಾತಾಡಿಸಿ ಗೇನ್ ಸೆಟ್ ಮಾಡಿ. 'ಮೈಕ್ ಟೆಸ್ಟಿಂಗ್' ಅಂತ ಮೆಲ್ಲಗೆ ಹೇಳಿಸಿದರೆ ಆಮೇಲೆ ಪೀಕ್ ಲೈಟ್ ಉರೀತಲೇ ಇರ್ತದೆ. ಲೋ ಕಟ್ ಬಟನ್ ಒತ್ತಿ, ಅದು 80-100 ಹರ್ಟ್ಸ್ ಕೆಳಗಿನದ್ದನ್ನು ತೆಗೀತದೆ. ಪ, ಬ, ಭ ಬಂದಾಗ ಪಟ್ ಅನ್ನೋ ಗಾಳಿಯೂ ಕಡಿಮೆಯಾಗ್ತದೆ. ಬೀಟಿನ ಚಾನೆಲ್‌ನಲ್ಲಿ ಮಿಡ್ ಅನ್ನು ಎರಡೂವರೆ ಕಿಲೋಹರ್ಟ್ಸ್ ಆಸುಪಾಸು 3 ಡಿಬಿ ಇಳಿಸಿ. ವ್ಯಂಜನ ಸ್ಪಷ್ಟ ಆಗೋದು ಅದೇ ಜಾಗದಲ್ಲಿ. ಆಮೇಲೆ ದನಿ ಬೀಟಿಗಿಂತ ಒಂದು ಮಟ್ಟ ಮೇಲೆ ಕೂರೋ ಹಾಗೆ ಫೇಡರ್ ಇಡಿ. ಹುಡುಗರು ಬೀಟ್ ಏರಿಸು ಅಂತಲೇ ಹೇಳೋದು, ಕೇಳಬೇಡಿ. ಅವರಿಗೆ ಸಾಹಿತ್ಯ ಬಾಯಿಪಾಠ, ಎದುರು ಕೂತವರಿಗೆ ಮೊದಲ ಸಲ.

ಬೀಟ್ ಎಲ್ಲಿಂದ ಬಿಡೋದು? ಒಂದೇ ಲ್ಯಾಪ್‌ಟಾಪ್, ಅದರಲ್ಲಿ ಎಲ್ಲರ ಫೈಲ್. ಎರಡು ದಿನ ಮೊದಲು ತರಿಸಿಕೊಳ್ಳಿ, ವೇವ್ ಇಲ್ಲಾ 320 ಕೆಬಿಪಿಎಸ್ ಎಂಪಿ3, ಹೆಸರಿನ ಮುಂದೆ ಸರದಿ ಸಂಖ್ಯೆ. ವಾಟ್ಸಾಪ್‌ನಲ್ಲಿ ಆಡಿಯೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲಿ. ಯೂಟ್ಯೂಬಿಂದ ನೇರ ಬಿಡೋದು ಬೇಡ, ಎರಡನೇ ವರ್ಸ್ (ಚರಣ) ಮಧ್ಯೆ ಜಾಹೀರಾತು ಬರ್ತದೆ. ಬ್ಲೂಟೂತ್ ವಿಳಂಬದ ಬಗ್ಗೆ ಹೆದರಿಸೋರು ಇರ್ತಾರೆ, ಹಾಡುವವರೂ ಅದೇ ಸ್ಪೀಕರ್ ಕೇಳಿ ಹಾಡೋದರಿಂದ ವಿಳಂಬ ಅಷ್ಟು ತೊಂದರೆಯಲ್ಲ. ತೊಂದರೆ ಇರೋದು ಕನೆಕ್ಷನ್ ಕಡಿಯೋದರಲ್ಲಿ, ಯಾರದೋ ಕಾಲ್ ಬರೋದರಲ್ಲಿ. ಕೇಬಲ್ಲೇ ಬಳಸಿ.

ಆ ಕೇಬಲ್ ಯಾವುದು ಅನ್ನೋದು ಮುಖ್ಯ. ಒಂದು ತುದಿ 3.5 ಎಂಎಂ ಸ್ಟೀರಿಯೋ, ಇನ್ನೊಂದು ತುದಿ ಎರಡಾಗಿ ಒಡೆದು ಎರಡು ದೊಡ್ಡ ಮೋನೋ ಪಿನ್. ಅವನ್ನು ಮಿಕ್ಸರಿನ ಸ್ಟೀರಿಯೋ ಚಾನೆಲ್‌ಗೆ ಹಾಕಬೇಕು. ಬದಲಿಗೆ 3.5 ಎಂಎಂನಿಂದ ಒಂದೇ ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್ಲಿನ ಮೂರು ಪಿನ್ನಿನ ತುದಿ) ಇರೋ ಕೇಬಲ್ ಮೈಕ್ ಇನ್‌ಪುಟ್ಟಿಗೆ ಹಾಕಿದರೆ ಮಿಕ್ಸರ್ ಎಡದಿಂದ ಬಲವನ್ನು ಕಳೀತದೆ. ಎರಡರಲ್ಲೂ ಸಮ ಇರೋ ಕಿಕ್, ಸ್ನೇರ್, ಬೇಸ್ ಪೂರ್ತಿ ಮಾಯ, ಅಂಚಿನ ಸಿಂಥ್ ಮಾತ್ರ ತೆಳ್ಳಗೆ ಉಳೀತದೆ. ಸ್ಪೀಕರ್ ಕೆಟ್ಟಿದೆ ಅಂತ ಮುಕ್ಕಾಲು ಗಂಟೆ ಹುಡುಕೋದು ಇದಕ್ಕೇ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಝುಂಯ್ ಅಂದರೆ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಡಿಐ ಬಾಕ್ಸ್ (ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಹಾಕೋ ಸಣ್ಣ ಪೆಟ್ಟಿಗೆ) ಹಾಕಿ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಯಾರೂ ಮುರೀಬೇಡಿ. ಮಳೆಗಾಲ, ಒದ್ದೆ ನೆಲ, ಕೈಯಲ್ಲಿ ಲೋಹದ ಮೈಕ್. ಜೀವದ ಪ್ರಶ್ನೆ.

ಜೂನ್ ಅಂದರೆ ಕರೆಂಟ್ ಹೋಗೋದು ಖಂಡಿತ. ಎರಡು ಸ್ಪೀಕರ್, ಮಿಕ್ಸರ್, ಲ್ಯಾಪ್‌ಟಾಪ್ ಸೇರಿ ನಿಜವಾಗಿ ಎಳೆಯೋದು 300-400 ವ್ಯಾಟ್. ಪೆಟ್ಟಿಗೆ ಮೇಲೆ ಬರೆದಿರೋ 1,000 ವ್ಯಾಟ್ ನೋಡಿ ದೊಡ್ಡ ಜನರೇಟರ್ ತರಿಸಬೇಡಿ. ಮನೆಯ ಸೈನ್ ವೇವ್ ಇನ್ವರ್ಟರ್ 1 ಕೆವಿಎ, 150 ಆಂಪಿಯರ್ ಅವರ್ ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ ಎರಡೂವರೆ ಮೂರು ಗಂಟೆ ಬರ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸ್ಪೀಕರ್ ಗುಯ್ಗುಡ್ತದೆ.

ಹಂಚಿನ ಮಾಡು ಒಳ್ಳೆಯದೇ ಆಯ್ತು. ತಗಡಿನ ಶೀಟ್ ಆಗಿದ್ದರೆ ಜೂನ್‌ನಲ್ಲಿ ಬೇಡವೇ ಬೇಡ ಅಂತಿದ್ದೆ. ಹಿಂದಿನ ಗೋಡೆಗೆ ಎರಡು ಜಮಖಾನೆ ಇಳಿಬಿಡಿ, ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು.

---

ದೇವಿಮನೆ ತಿರುವು

ಶಿರಸಿ ಕಡೆಯಿಂದ. ಮೇಲಿನವರು ಹೇಳಿದ್ದಕ್ಕೆ ಸೇರಿಸೋದು ಏನಿಲ್ಲ, ನಾನು ಸಮಯ ಮತ್ತು ಬರವಣಿಗೆ ಬಗ್ಗೆ.

ಸ್ಲಾಟ್ ಅನ್ನು ನಿಮಿಷದಲ್ಲಲ್ಲ, ಬಾರ್‌ನಲ್ಲಿ ಯೋಚಿಸಿ. ನಾಲ್ಕು ಎಣಿಕೆ ಒಂದು ಬಾರ್. 90 ಬಿಪಿಎಂನಲ್ಲಿ 16 ಬಾರ್ ಹಾಡಲು 43 ಸೆಕೆಂಡ್. 140ರ ಟ್ರ್ಯಾಪ್ ಬೀಟಿನಲ್ಲಿ 27 ಸೆಕೆಂಡ್. ವರ್ಸ್ 16, ಹುಕ್ (ಪಲ್ಲವಿ) 8, ಮತ್ತೆ ವರ್ಸ್ 16, ಹುಕ್ 8 ಅಂದರೆ 48 ಬಾರ್, 90ರಲ್ಲಿ ಎರಡು ನಿಮಿಷ ಎಂಟು ಸೆಕೆಂಡ್. ಅಂದರೆ 5 ನಿಮಿಷದ ಸ್ಲಾಟಿನಲ್ಲಿ ಎರಡು ಹಾಡು ಆರಾಮಾಗಿ ಮುಗೀತದೆ. ಬದಲಾಯಿಸೋಕೆ ಒಂದು ನಿಮಿಷ. ಹನ್ನೆರಡು ಜನ ಅಂದರೆ 72 ನಿಮಿಷ, ಒಂದು ಚಹಾ ವಿರಾಮ, ಪಳಗಿದ ಒಬ್ಬರಿಗೆ 15 ನಿಮಿಷ, ಕೊನೆಗೆ 25 ನಿಮಿಷ ಸೈಫರ್ (ಸುತ್ತ ನಿಂತು ಒಬ್ಬರಾದ ಮೇಲೊಬ್ಬರು ರ‍್ಯಾಪ್ ಮಾಡೋದು). ಆರೂವರೆಗೆ ಶುರು ಮಾಡಿದರೆ ಒಂಬತ್ತರೊಳಗೆ ಮುಗೀಬೇಕು. ಮೊದಲ ಸಲ ಬರುವವರಿಗೆ 5 ನಿಮಿಷ ಕೊಡಬೇಡಿ, ಒಂದೇ ಹಾಡು, ಇಲ್ಲಾ ಬರೀ 16 ಬಾರ್. ಇನ್ನೂ ಬೇಕಿತ್ತು ಅನ್ನೋವಾಗ ಇಳಿದರೆ ಮುಂದಿನ ತಿಂಗಳು ಬರ್ತಾರೆ.

ಪಟ್ಟಿಯ ಸರದಿ ಚೀಟಿ ಎತ್ತಿ ಮಾಡ್ತೀರೋ ಹೇಗೋ, ಆದರೆ ಅಂಕೋಲಾ, ಗೋಕರ್ಣ ಕಡೆಯಿಂದ ಬಸ್ಸಿಗೆ ಬರುವವರನ್ನು ಮೊದಲ ಅರ್ಧದಲ್ಲೇ ಹಾಡಿಸಿ. ಕೊನೆ ಬಸ್ ನೋಡ್ತಾ ಕೂತವರು ಸರಿಯಾಗಿ ಹಾಡೋದಿಲ್ಲ. ಹುಡುಗಿಯರು ಬರಬೇಕು ಅಂದರೆ ಮುಗಿಯೋ ಸಮಯ ಪೋಸ್ಟರಿನಲ್ಲೇ ಬರೆದು ಅದನ್ನು ಪಾಲಿಸಬೇಕು, ಬೇರೆ ಯಾವ ಘೋಷಣೆಯಿಂದಲೂ ಆ ಕೆಲಸ ಆಗೋದಿಲ್ಲ. ಹನ್ನೆರಡರಲ್ಲಿ ಎರಡು ಸ್ಲಾಟ್ ಖಾಲಿ ಬಿಡಿ, ಬಾಗಿಲಲ್ಲೇ ಧೈರ್ಯ ಬಂದು ಹೆಸರು ಕೊಡುವವರಿಗೆ.

ತಮ್ಮದೇ ದನಿ ಇರೋ ಪೂರ್ತಿ ಟ್ರ್ಯಾಕ್ ಹಾಕಿ ಅದರ ಮೇಲೆ ತುಟಿ ಆಡಿಸೋದನ್ನು ಮೊದಲ ತಿಂಗಳೇ ನಿಲ್ಲಿಸಿ. ಹುಕ್‌ನ ಹಿಮ್ಮೇಳ ಟ್ರ್ಯಾಕ್‌ನಲ್ಲಿರಲಿ, ವರ್ಸ್ ಖಾಲಿ ಇರಲಿ. ಉಸಿರು ಎಲ್ಲಿ ಮುಗೀತದೆ ಅಂತ ಗೊತ್ತಾಗೋದು ಆಗ ಮಾತ್ರ. ಸಾಹಿತ್ಯದ ಹಾಳೆಯಲ್ಲಿ ಪ್ರತಿ ಎರಡು ಬಾರ್‌ಗೆ ಉಸಿರಿನ ಗುರುತು ಹಾಕಿಸಿ. ಗುರುತು ಹಾಕೋಕೆ ಜಾಗವೇ ಇಲ್ಲ ಅಂದರೆ ಸಾಲಿನಲ್ಲಿ ನಾಲ್ಕು ಅಕ್ಷರ ಜಾಸ್ತಿ ಇದೆ ಅಂತ ಅರ್ಥ.

ಕಾರ್ಯಕ್ರಮಕ್ಕಿಂತ ಒಂದು ಗಂಟೆ ಮೊದಲು ಬಾಗಿಲು ತೆಗೆದು ಬರೆಯೋರನ್ನು ಕೂರಿಸಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ ಅಂತ್ಯಪ್ರಾಸ ಪುಕ್ಕಟೆ ಸಿಗ್ತದೆ: ಬರ್ತೀನಿ, ತರ್ತೀನಿ, ಹೊಡಿತೀನಿ, ಬಡಿತೀನಿ. ಹದಿನಾರು ಬಾರ್ ಇದರಲ್ಲೇ ತುಂಬಬಹುದು, ಕೇಳೋರಿಗೆ ಮೂರನೇ ಸಾಲಿಗೇ ಬೇಸರ. ಒಂದು ಸಂಜೆ 'ತೀನಿ' ಬಳಸಬಾರದು ಅಂತ ನಿಯಮ ಹಾಕಿ ನೋಡಿ. ನಮ್ಮ ಹಳೇ ಕಾವ್ಯದ ದ್ವಿತೀಯಾಕ್ಷರ ಪ್ರಾಸ ಇಲ್ಲಿ ಕೆಲಸಕ್ಕೆ ಬರ್ತದೆ: 'ಬಲೆ ಉಂಟು, ಬೆಲೆ ಇಲ್ಲ, ಅಲೆ ಮಾತ್ರ ಸಾಲ ಕೇಳ್ತದೆ.' ಪ್ರಾಸ ಸಾಲಿನ ಒಳಗೆ ಬಿತ್ತು, ಕೊನೆ ಖಾಲಿ ಉಳೀತು. ಅಲ್ಲಿ ಹೊಸ ಮಾತಿಗೆ ಜಾಗ. ಕೊಂಕಣಿಯಲ್ಲೂ ಕ್ರಿಯಾಪದ ಕೊನೆಗೇ, ಅಲ್ಲೂ ಇದೇ ಪಾಡು, ಇದೇ ಮದ್ದು.

ಬ್ಯಾಟಲ್ ಬಗ್ಗೆ: ಮೊದಲ ಐದಾರು ತಿಂಗಳು ಬೇಡ ಅಂತ ನನ್ನ ಅಭಿಪ್ರಾಯ. ಬ್ಯಾಟಲ್ ಇದ್ದ ದಿನ ಗದ್ದಲ ಮಾಡುವವರು ತುಂಬ್ತಾರೆ, ಬರೆದುಕೊಂಡು ಬಂದ ಸಣ್ಣ ದನಿಯವರು ಹಿಂದೆ ಸರೀತಾರೆ. ಮಾಡಲೇಬೇಕು ಅಂದರೆ ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸೋ ಯಕ್ಷಗಾನ) ಕ್ರಮ ಎದುರಿಗೇ ಉಂಟಲ್ಲ. ಎದುರಿನ ಅರ್ಥಧಾರಿ ಎತ್ತಿದ ಮಾತಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು, ಮನೆಯಲ್ಲಿ ಬರೆದು ತಂದದ್ದನ್ನು ಒದರಿದರೆ ಸಭೆಗೆ ತಕ್ಷಣ ಗೊತ್ತಾಗ್ತದೆ. ಹಾಗೇ ಒಂದು ವಿಷಯ ಕೊಡಿ: ಹೈವೇ ಅಗಲೀಕರಣ ಬೇಕು–ಬೇಡ, ಊರು ಬಿಡಬೇಕು–ಬಿಡಬಾರದು. ಇಬ್ಬರಿಗೂ ಪಕ್ಷ ಹಂಚಿ, ಮೂರು ಸುತ್ತು, ಸುತ್ತಿಗೆ 60 ಸೆಕೆಂಡ್. ಜಾತಿ, ಧರ್ಮ, ಮೈಬಣ್ಣ, ಮನೆಯವರು ಬಂದರೆ ಮೈಕ್ ಬಂದ್. ಹೋಸ್ಟ್ ಅದನ್ನು ನಿಜಕ್ಕೂ ಬಂದ್ ಮಾಡಬೇಕು, ಮಿಕ್ಸರ್ ಹತ್ತಿರ ಇರುವವರಿಗೆ ಕೈಸನ್ನೆ ಮೊದಲೇ ಹೇಳಿರಿ.

ಭಾಷೆ ಬದಲಾಗುವಾಗ ಹೋಸ್ಟ್ ಒಂದೇ ಸಾಲಿನಲ್ಲಿ ವಿಷಯ ಹೇಳಿದರೆ ಸಾಕು, 'ಇದು ಬಂದರಿನ ಕೆಲಸದ ಮೇಲೆ, ಕೊಂಕಣಿಯಲ್ಲಿ' ಅಂತ. ಭಾಷಣ ಬೇಡ. ಓಪನ್ ಮೈಕ್ ಕೆಡಿಸೋದರಲ್ಲಿ ಕೆಟ್ಟ ರ‍್ಯಾಪರ್‌ಗಿಂತ ಉದ್ದ ಮಾತಿನ ಹೋಸ್ಟ್‌ನ ಪಾಲು ಹೆಚ್ಚು.

ಹಾಗೇ ಕಡಲತೀರ ಅಂತ ಹಟ ಹಿಡಿದವರಿಗೆ ಹೇಳಿ: 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಮಾಡಿದ ಪಾರ್ಟಿಯೂ 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲೇ ನಡೆದದ್ದು. ಹಿಪ್ ಹಾಪ್ ಹುಟ್ಟಿದ ದಿನ ಅಂತ ಅದನ್ನೇ ಲೆಕ್ಕ ಹಿಡೀತಾರೆ. ಹಾಲ್ ಸಾಕು.

---

ಹಾಲಕ್ಕಿ ದಾರಿ

ಪರವಾನಗಿ ವಿಷಯ ಯಾರೂ ಮುಟ್ಟಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮ 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಸ್ಥಳೀಯ ಪೊಲೀಸ್ ಠಾಣೆಗೆ ಕನಿಷ್ಠ ಒಂದು ವಾರ ಮೊದಲು ಅರ್ಜಿ ಕೊಡಿ. ಅದರಲ್ಲಿ ದಿನಾಂಕ, ಶುರು ಮತ್ತು ಮುಗಿಯುವ ಸಮಯ, ಸ್ಪೀಕರ್ ಎಷ್ಟು, ಅಂದಾಜು ಜನ, ಜವಾಬ್ದಾರಿ ಹೊತ್ತ ಇಬ್ಬರ ಹೆಸರು ಮತ್ತು ಫೋನ್ ನಂಬರ್ ಇರಲಿ. ಹಾಲ್ ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸಿ. ಸ್ವೀಕೃತಿಯ ಸೀಲ್ ಹಾಕಿದ ಪ್ರತಿ ಕಾರ್ಯಕ್ರಮದ ದಿನ ಕೈಯಲ್ಲಿರಬೇಕು. 'ರ‍್ಯಾಪ್ ಬ್ಯಾಟಲ್' ಎಂದು ಬರೆಯುವ ಬದಲು 'ಕವನ ಮತ್ತು ಹಾಡುಗಾರಿಕೆ ಸಂಜೆ' ಎಂದು ಬರೆದರೆ ವಿವರಣೆ ಕೊಡುವ ಕೆಲಸ ಕಡಿಮೆ, ಸುಳ್ಳೂ ಅಲ್ಲ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಇಲ್ಲ. ಹಗಲಿನ ಮಿತಿ ವಸತಿ ಪ್ರದೇಶದಲ್ಲಿ 55 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 65. ಆಸ್ಪತ್ರೆ, ಶಾಲೆ, ನ್ಯಾಯಾಲಯದ 100 ಮೀಟರ್ ಒಳಗೆ ನಿಶ್ಶಬ್ದ ವಲಯವಾಗಿದ್ದರೆ 50. ಸಾರ್ವಜನಿಕ ಜಾಗದ ಗಡಿಯಲ್ಲಿ ಈ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75, ಯಾವುದು ಕಡಿಮೆಯೋ ಅಷ್ಟಕ್ಕೆ ನಿಲ್ಲಬೇಕು. ಖಾಸಗಿ ಜಾಗವಾದರೆ 5 ಮಾತ್ರ ಹೆಚ್ಚು. ಒಬ್ಬರು ಮೊಬೈಲ್ ಆ್ಯಪ್ ಹಿಡಿದು ಕಾಂಪೌಂಡಿನ ಹೊರಗೆ ನಿಂತು ಶುರುವಿನಲ್ಲೇ ನೋಡಿಬಿಡಲಿ. ಆ್ಯಪ್ ನಾಲ್ಕೈದು ಡೆಸಿಬಲ್ ಆಚೀಚೆ ತೋರಿಸುತ್ತದೆ, ಆದರೂ ಅಂದಾಜು ಸಿಗುತ್ತದೆ.

ಬೈಗುಳದ ಬಗ್ಗೆ ಮುಚ್ಚುಮರೆ ಬೇಡ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಹಾಡು ಹಾಡುವುದು ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಅಡಿ ಅಪರಾಧ, ಮೂರು ತಿಂಗಳವರೆಗೆ ಶಿಕ್ಷೆ ಉಂಟು. ಯಾರದೋ ಹೆಸರು ಹಿಡಿದು ಆರೋಪ ಮಾಡಿದರೆ 356, ಮಾನನಷ್ಟ. ಊರಿನ ಸಮಸ್ಯೆ ಹೇಳಿ, ವ್ಯವಸ್ಥೆಯನ್ನು ಬಯ್ಯಿ, ಅದಕ್ಕೆ ಅಡ್ಡಿಯಿಲ್ಲ. ಬಾಗಿಲಲ್ಲಿ 18ರ ಕೆಳಗಿನ ಮಕ್ಕಳು ಕೂತಿರುತ್ತಾರೆ ಎಂಬುದು ಬರೆಯುವವರಿಗೆ ಗೊತ್ತಿರಲಿ. ಆ ವಯಸ್ಸಿನವರು ಹಾಡಿದ ವಿಡಿಯೋ ಹಾಕುವ ಮೊದಲು ಮನೆಯವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ.

ಬೀಟ್ ಹಕ್ಕು: ಯೂಟ್ಯೂಬಿನಲ್ಲಿ 'ಫ್ರೀ' ಎಂದು ಹಾಕಿದ ಟೈಪ್ ಬೀಟ್‌ಗಳು (ಪ್ರಸಿದ್ಧ ಕಲಾವಿದರ ಶೈಲಿಯಲ್ಲಿ ಮಾಡಿದವು) ಹೆಚ್ಚಾಗಿ ಲಾಭವಿಲ್ಲದ ಬಳಕೆಗೆ ಮಾತ್ರ ಫ್ರೀ. ಕೆಳಗಿನ ವಿವರಣೆ ಓದಿ, ಪ್ರೊಡ್ಯೂಸರ್ ಹೆಸರು ಹಾಕಿ. ಅದೇ ಹಾಡನ್ನು ಮುಂದೆ ಸ್ಪಾಟಿಫೈಗೆ ಹಾಕುವುದಾದರೆ ಲೀಸ್ (ಬಳಕೆಯ ಪರವಾನಗಿ) ಕೊಳ್ಳಬೇಕು, ಇಲ್ಲದಿದ್ದರೆ ಕಾಪಿರೈಟ್ ಕ್ಲೈಮ್ ಬರುವುದು ಹಾಡು ಸ್ವಲ್ಪ ಓಡಿದ ಮೇಲೆಯೇ. ಎಲ್ಲರೂ ಮರೆಯುವ ಇನ್ನೊಂದು: ಶುರುವಿಗೆ ಮೊದಲು, ಚಹಾ ವಿರಾಮದಲ್ಲಿ ಸ್ಪೀಕರಿನಲ್ಲಿ ಬಿಡುವ ಸಿನಿಮಾ ಹಾಡು. ಐಪಿಆರ್‌ಎಸ್, ಪಿಪಿಎಲ್ (ಹಾಡಿನ ಹಕ್ಕುದಾರರ ಪರ ಶುಲ್ಕ ಪಡೆಯುವ ಸಂಸ್ಥೆಗಳು) ಪರವಾನಗಿಯ ಪ್ರಶ್ನೆ ಏಳುವುದು ಅಲ್ಲಿ. ನಿಮ್ಮಲ್ಲೇ ಬೀಟ್ ಮಾಡುವವರಿದ್ದರೆ ವಿರಾಮದಲ್ಲಿ ಅವರದ್ದೇ ಹಾಕಿ, ಅವರಿಗೂ ಒಂದು ವೇದಿಕೆ ಆಯಿತು.

ಡ್ರೋನ್ ಶಾಟ್ ಆಸೆ ಇದ್ದರೆ ಬಿಟ್ಟುಬಿಡಿ. ಪಕ್ಕದಲ್ಲೇ ನೌಕಾನೆಲೆ ಇದೆ.

---

ಬೈತಖೋಲ್ ಬೀಟ್ಸ್

ಇಷ್ಟು ವಿವರ ಸಿಗ್ತದೆ ಅಂದುಕೊಂಡಿರಲಿಲ್ಲ, ಧನ್ಯವಾದ. ಹಾಲ್‌ನಲ್ಲೇ ಮಾಡ್ತೇವೆ. ಆದರೆ ಮಳೆ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ ಒಂದಾದರೂ ಕಡಲತೀರದಲ್ಲಿ ಮಾಡೋ ಆಸೆ ಉಂಟು. ಮತ್ತೆ ಗುಮಟೆ (ಮಣ್ಣಿನ ಮಡಕೆಗೆ ಚರ್ಮ ಕಟ್ಟಿದ ವಾದ್ಯ) ಬಾರಿಸೋ ಇಬ್ಬರು ಬರ್ತೇವೆ ಅಂದಿದ್ದಾರೆ. ಬೀಟ್ ಜೊತೆ ಗುಮಟೆ ಸೇರಿಸಬಹುದಾ? ಅದಕ್ಕೆ ಮೈಕ್ ಹೇಗೆ ಇಡೋದು? ಸೈಫರ್‌ನಲ್ಲಿ ನಾಲ್ಕು ಮೈಕ್ ಕೊಟ್ಟರೆ ಬೇಗ ಬೇಗ ಸಾಗ್ತದೆ ಅಂತ ಒಬ್ಬರು ಹೇಳ್ತಿದ್ದಾರೆ, ಅದು ಸರಿಯಾ?

---

ಸೌಂಡ್‌ಚೆಕ್ ಕುಮಟಾ

ಗುಮಟೆ ಸೇರಿಸಿ, ಖಂಡಿತ ಸೇರಿಸಿ. ಆದರೆ ರೆಕಾರ್ಡ್ ಆದ ಬೀಟ್ ಮೇಲೆ ಬೇಡ. ಕಂಪ್ಯೂಟರ್ ಬೀಟ್ 90 ಅಂದರೆ ಕೊನೆವರೆಗೂ 90. ಬಾರಿಸೋ ಕೈ ಉತ್ಸಾಹ ಬಂದ ಹಾಗೆ 94, 96ಕ್ಕೆ ಏರ್ತದೆ, ಅದೇ ಅದರ ಚಂದ. ಎರಡೂ ಜೊತೆಗೆ ಓಡಿಸಿದರೆ ಎಂಟನೇ ಬಾರ್‌ಗೆ ಕಿತ್ತಾಟ. ಬೀಟ್ ನಿಲ್ಲಿಸಿ, ಬರೀ ಗುಮಟೆ ಮೇಲೆ ಸೈಫರ್ ಮಾಡಿಸಿ. ನಾಲ್ಕರ ಎಣಿಕೆಯ ನಡೆ ಹಿಡಿದುಕೊಳ್ಳಿ ಅಂತ ಮೊದಲೇ ಮಾತಾಡಿಕೊಳ್ಳಿ. ಆದಿತಾಳದ 8 ಎಣಿಕೆ ಎರಡು ಬಾರ್‌ಗೆ ಸರಿಹೋಗ್ತದೆ, ಏಳರ ನಡೆ ಬಾರಿಸಿದರೆ ರ‍್ಯಾಪ್ ಬರೆದವನು ದಾರಿ ತಪ್ತಾನೆ.

ಮೈಕ್ ಚರ್ಮದ ಕಡೆ ಅಲ್ಲ, ಇನ್ನೊಂದು ತೆರೆದ ಬಾಯಿಯ ಕಡೆ. ಎಡಗೈಯಿಂದ ಆ ಬಾಯಿ ಮುಚ್ಚಿ ತೆಗೆದು ಮಾಡಿದಾಗ ಬರೋ ಗುಮ್ಮಿನ ಏರಿಳಿತವೇ ಬೇಕಾದ್ದು. ಬಾಯಿಯಿಂದ ಒಂದು ಗೇಣು ದೂರ, ಕೈಗೆ ತಾಗದ ಹಾಗೆ ಓರೆಯಾಗಿ ಸಣ್ಣ ಸ್ಟ್ಯಾಂಡಿನಲ್ಲಿ. ಈ ಚಾನೆಲ್‌ಗೆ ಲೋ ಕಟ್ ಹಾಕಬೇಡಿ. ಹಳೇ ಗುಮಟೆಗೆ ಉಡದ ಚರ್ಮ ಇರೋ ಸಾಧ್ಯತೆ ಉಂಟು. ಉಡ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಿತ ಪ್ರಾಣಿ, ಆಡಿನ ಚರ್ಮದ್ದೇ ತರಲಿ. ವಿಡಿಯೋ ಬೇರೆ ಹಾಕ್ತೀರಿ.

ನಾಲ್ಕು ಮೈಕ್ ಬೇಡ ಮಾರಾಯ್ರೆ. ತೆರೆದ ಮೈಕ್ ಒಂದಿದ್ದದ್ದು ಎರಡಾದರೆ ಕುಂಯ್ ಅನ್ನೋ ಮೊದಲು ಏರಿಸಬಹುದಾದ ಮಟ್ಟ 3 ಡಿಬಿ ಇಳೀತದೆ, ನಾಲ್ಕಾದರೆ 6. ನಾಲ್ಕು ಕೈಯಲ್ಲಿ ನಾಲ್ಕು ಮೈಕ್, ಅದರಲ್ಲಿ ಇಬ್ಬರು ಸ್ಪೀಕರ್ ಕಡೆ ತಿರುಗಿಸಿ ಕುಣೀತಿರ್ತಾರೆ. ಎರಡು ಮೈಕ್ ಸಾಕು: ಒಂದು ಹಾಡ್ತಿರೋರಿಗೆ, ಇನ್ನೊಂದು ಮುಂದಿನವರಿಗೆ. ಮುಂದಿನವರದ್ದು ಮ್ಯೂಟ್‌ನಲ್ಲಿರಲಿ. ಪ್ರತಿ ಒಬ್ಬರಿಗೆ 8 ಬಾರ್, ಏಳನೇ ಬಾರ್‌ನಲ್ಲಿ ಹೋಸ್ಟ್ ಕೈ ಎತ್ತಿದಾಗ ಮ್ಯೂಟ್ ತೆಗೆಯಿರಿ. ಸುತ್ತು ನಿಂತವರು ಸ್ಪೀಕರಿನ ಗೆರೆಗಿಂತ ಹಿಂದೆಯೇ ಇರಬೇಕು.

ಕಡಲತೀರದಲ್ಲಿ ಗಾಳಿಯೇ ಸಮಸ್ಯೆ. ಸಂಜೆ ಗಾಳಿ ಕಡಲಿಂದ ಊರ ಕಡೆ ಬೀಸ್ತದೆ, ಸದ್ದೂ ಗಾಳಿ ಹೋದ ಕಡೆ ಬಾಗಿ ಕೆಳಗೆ ಇಳೀತದೆ. ವೇದಿಕೆ ಊರ ಕಡೆ ಮುಖ ಮಾಡಿದ್ದರೆ ಎದುರು ಕೂತವರಿಗೆ ಸರಿ ಇದ್ದದ್ದು ಹೈವೇ ಆಚೆಯ ಮನೆಗಳಿಗೂ ಸ್ಪಷ್ಟ ಕೇಳ್ತದೆ. ಸ್ಪೀಕರ್ ಬೆನ್ನು ಊರಿಗೆ, ಮುಖ ಕಡಲಿಗೆ, ಜನ ಮರಳಿನ ಕಡೆ. ಆಗ ಗಾಳಿಗೆ ಎದುರಾಗಿ ಬಾರಿಸಿದ ಹಾಗೆ ಆಗೋದರಿಂದ ದೂರ ಕೂತವರಿಗೆ ಕಡಿಮೆ ಕೇಳ್ತದೆ. ಎರಡು ಪೆಟ್ಟಿಗೆ ಸಾಲದು, ನಾಲ್ಕು ಬೇಕು, ಇಲ್ಲಾ ಜನರನ್ನು 40 ಅಡಿಯೊಳಗೆ ಕೂರಿಸಬೇಕು. ಮೈಕ್‌ಗೆಲ್ಲ ಫೋಮ್ ಟೋಪಿ ಹಾಕಿ, ಲೋ ಕಟ್ ಒತ್ತಿ, ಇಲ್ಲದಿದ್ದರೆ ಗಾಳಿಯ ಗುಡುಗುಡು ಮಾತ್ರ. ಮರಳಿನಲ್ಲಿ ಸ್ಟ್ಯಾಂಡ್ ಕಾಲು ಇಳೀತದೆ, ಕೆಳಗೆ ಹಲಗೆ ಕೊಟ್ಟು ಮರಳಿನ ಚೀಲ ಹೇರಿ. ಜಾಗದ ಅನುಮತಿಗೆ ಜಿಲ್ಲಾಡಳಿತ, ನಗರಸಭೆ ಎರಡೂ ಕಡೆ ಬೇರೆ ಕೇಳಬೇಕಾಗ್ತದೆ, ಠಾಣೆಯದ್ದು ಒಂದೇ ಸಾಲೋದಿಲ್ಲ.

ಮುಗಿದ ರಾತ್ರಿಯೇ ಮೈಕಿನ ಜಾಲರಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಕೇಬಲ್ ಪಿನ್ನು ಒಣ ಬಟ್ಟೆಯಲ್ಲಿ ಒರೆಸಿ. ಉಪ್ಪಿನ ಗಾಳಿಗೆ ನಾಲ್ಕೇ ದಿನದಲ್ಲಿ ಹಸಿರು ಹಿಡೀತದೆ, ಮುಂದಿನ ತಿಂಗಳು ಕರಕರ ಸದ್ದು ಬಂದಾಗ ಬಾಡಿಗೆಯವರು ನಿಮ್ಮ ಡಿಪಾಸಿಟ್ ಮುರ್ಕೊಳ್ತಾರೆ.